ಕೀಲಿ ಸರ್ ಮತ್ತು ಪೂಜೆಗೆ ಕುಳಿತ ಕಪಾಟು

ನನಗೆ ವಹಿಸಿದ ಕೆಲಸ ಕೆಡುವುದಿಲ್ಲ. ಕೆಡಲು ಏನೇನು ದಾರಿಗಳಿವೆಯೋ ಅವನ್ನೆಲ್ಲ ನಾನು ಮೊದಲೇ ನಿದ್ದೆಗೆಟ್ಟು ಯೋಚಿಸಿ ಮುಚ್ಚಿಬಿಟ್ಟಿರುತ್ತೇನೆ. ಸಾರವಾಡದ ಗ್ರಂಥಾಲಯದ ಹೊಣೆ ಹೆಗಲಿಗೆ ಬಂದಾಗಲೂ ನನಗಿದ್ದದ್ದು ಇದೇ ಧೈರ್ಯ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನದೊಂದು ನೋಟ್‌ಬುಕ್ಕು, ಪೆನ್ನಿನ ಅಂಗಡಿ. ಪರದೇಶದ ಒಂದು ಸೇವಾಸಂಸ್ಥೆ ತಿಕೋಟಾ, ಬಬಲೇಶ್ವರ ಕಡೆಯ ಹುಡುಗಿಯರನ್ನು ಕಾಲೇಜಿನಲ್ಲಿ ಓದಿಸುತ್ತಿದೆ. ಅವರ ಪುಸ್ತಕಗಳು ನನ್ನ ಅಂಗಡಿಯಿಂದ ಹೋಗುತ್ತವೆ. ಅಷ್ಟು ನಂಟಿಗೇ ಅವರು ನನ್ನನ್ನು 'ಸ್ಥಳೀಯ ಸಂಯೋಜಕ'ನನ್ನಾಗಿ ಮಾಡಿದರು.

"ಪಗಾರ ಏನರ ಐತೇನ್ರಿ?" ಎಂದಳು ನನ್ನ ಹೆಂಡತಿ ಕಸ್ತೂರಿ.

"ಇಲ್ಲ, ಸೇವಾ."

"ಹಂಗಾರ ಚಿಂತಿ ಮಾಡಾಕ ನಿಮಗೊಂದು ಹೊಸಾ ಜಾಗಾ ಸಿಕ್ತು ಅನ್ರಿ."

ಸಂಸ್ಥೆಯವರು ಅದೇ ಕಡೆಯ ಹಳ್ಳಿಯಾದ ಸಾರವಾಡದ ಮಕ್ಕಳಿಗೆಂದು ಕಥೆಪುಸ್ತಕಗಳನ್ನೂ ಒಂದು ಕಪಾಟನ್ನೂ ಕೊಡಿಸಿದರು. ಗಂಗವ್ವ ಎಂಬ ಹಿರಿಯರು ತಮ್ಮ ಮನೆಯ ಹೊರಗಿನ ಖೋಲಿ ಬಿಟ್ಟುಕೊಟ್ಟರು. ಗಂಗವ್ವನ ಮೊಮ್ಮಗಳು ರೇಣುಕಾ ಬಿ.ಎಸ್ಸಿ. ಓದುವವಳು, ಇದೇ ಸಂಸ್ಥೆಯ ನೆರವಿನಿಂದ. ಗ್ರಂಥಾಲಯ ನೋಡಿಕೊಳ್ಳುವುದು ಅವಳ ಪಾಲಿಗೆ ಬಂತು. ಅವಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ.

ಪುಸ್ತಕದ ಗಂಟುಗಳನ್ನು ಸೊಲ್ಲಾಪುರ ರಸ್ತೆಯ ಲಾರಿ ಆಫೀಸಿನಿಂದ ನಾನೇ ಬಿಡಿಸಿ ತಂದೆ. ತಂದ ಮೇಲೆ ಚಿಂತೆ ಹತ್ತಿತು. ಮಕ್ಕಳ ಕೈಗೆ ಚಟ್ನಿ ಹತ್ತಿರುತ್ತದೆ. ಆದ್ದರಿಂದ ಪ್ರತಿ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ ಹಾಕಿದೆ. ಹೊದಿಕೆಯಾದರೂ ಹರಿಯಬಹುದು. ಆದ್ದರಿಂದ ಕಪಾಟಿಗೆ ಕೀಲಿ ಜಡಿದೆ. ಗೋಡೆಯ ತಂಪು ಪುಸ್ತಕಕ್ಕೆ ತಾಗಬಹುದು. ಆದ್ದರಿಂದ ಸದರಿ ಕಪಾಟನ್ನು ಗೋಡೆಗೆ ಆನಿಸದೆ, ಖೋಲಿಯಿಂದ ಗಂಗವ್ವನ ಒಳಮನೆಗೆ ಹೋಗುವ ಬಾಗಿಲಿಗೆ ಅಡ್ಡಲಾಗಿ, ಬೆನ್ನು ಒಳಮನೆಗೆ ಮಾಡಿ ನಿಲ್ಲಿಸಿದೆ. ಎಂಥ ಬುದ್ಧಿ!

"ಸರ್, ಹುಡುಗೂರು ಯಾವಾಗ ಓದೂದ್ರಿ?" ಎಂದು ರೇಣುಕಾ ಕೇಳಿದಳು.

"ಪರದೇಶದಿಂದ ಸಂಸ್ಥಾದ ಹೆಲೆನ್ ಬಾಯಿ ಬಂದು ನೋಡಿದ ಮ್ಯಾಲ. ಅಲ್ಲೀತನಕ ಒಂದು ಹಾಳಿ ಸೈತ ಮಡಚಬಾರದು."

ಕೀಲಿಕೈ ನನ್ನ ಉಡದಾರ ಸೇರಿತು. ಪ್ರತಿ ರವಿವಾರ ಸ್ಕೂಟರಿನಲ್ಲಿ ಸಾರವಾಡಕ್ಕೆ ಹೋಗಿ ಕೀಲಿ ಜಗ್ಗಿ ನೋಡಿ ಬರುತ್ತಿದ್ದೆ. ರಸ್ತೆಯ ಧೂಳಿಗೆ ಹೆದರಿ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೂಗಿಗೆ ಮಾಸ್ಕು. ಪುಸ್ತಕದ ಧೂಳಿಗೆ ಹೆದರಿ ಒಳಗೆ ಹೋದರೂ ಇವುಗಳಲ್ಲಿ ಒಂದನ್ನೂ ಮುಖದಿಂದ ತೆಗೆಯುತ್ತಿರಲಿಲ್ಲ. ಮಕ್ಕಳು ದೂರ ನಿಂತು ನೋಡುತ್ತಿದ್ದರು. ಗೌರವ ಎಂದುಕೊಂಡಿದ್ದೆ.

ಹೆಲೆನ್ ಬಾಯಿ ಬರುವ ದಿನವನ್ನು ನಾನೇ ಗೊತ್ತುಮಾಡಿದೆ. ಸಾಲಿಗೆ ರಜೆಯಿರುವ ದಿನ, ಮಕ್ಕಳೆಲ್ಲ ಸಿಗುತ್ತಾರೆ. ಅವರು ಬರೆದ ಉತ್ತರ ಮಾತ್ರ ಮತ್ತೆ ನಿದ್ದೆಗೆಡಿಸಿತು. ಮಕ್ಕಳು ಓದುವುದನ್ನು ಕಣ್ಣಾರೆ ಕಂಡರೆ ಮಾತ್ರ ಮುಂದಿನ ವರ್ಷವೂ ನೆರವು, ಹುಡುಗಿಯರ ಕಾಲೇಜಿಗೂ ಸೇರಿ. ರೇಣುಕಾಳದು ಕೊನೆಯ ವರ್ಷ ಬಾಕಿ. ಎಲ್ಲಾದರೂ ದೃಷ್ಟಿ ತಾಗೀತೆಂದು ಹಿಂದಿನ ದಿನವೇ ಹೋಗಿ ಗಂಗವ್ವನ ಕೈಗೆ ಕೀಲಿಕೈ ಕೊಟ್ಟೆ. "ಆಯಿ, ಮುಂಜಾನೆ ಕಪಾಟಿಗೆ ಒಂದೀಟು ಪೂಜಿ ಮಾಡ್ರಿ. ಆಮ್ಯಾಲ ಪುಸ್ತಕಾ ತಗದು ಹುಡುಗೂರ ಕೈಯಾಗ ಕೊಡೂಣು."

"ಮಾಡ್ತೇನಿ ಯಪ್ಪಾ, ಪದ್ಧತಿ ಪ್ರಕಾರ ಮಾಡ್ತೇನಿ," ಎಂದರು ಗಂಗವ್ವ.

ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಸ್ಕೂಟರಿಗೆ ಚೆಂಡುಹೂವಿನ ಮಾಲೆ!

"ಇದನ್ನ ಇವತ್ತ ಮುಟ್ಟಬ್ಯಾಡ್ರಿ," ಎಂದಳು ಕಸ್ತೂರಿ. "ಖಂಡೇ ಪೂಜಿ ಐತಿ."

ಮಹಾನವಮಿ! ನಮ್ಮ ಕಡೆ ಆ ದಿನ ಪೂಜೆಗಿಟ್ಟ ಕತ್ತಿ, ಕುಡಗೋಲು, ಪುಸ್ತಕ ಯಾವುದನ್ನೂ ಮರುದಿನ ಬನ್ನಿ ಹಂಚುವವರೆಗೆ ಯಾರೂ ಮುಟ್ಟುವುದಿಲ್ಲ. ಸಾಲಿಗೆ ರಜೆ ಯಾಕಿದೆ ಎಂಬುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನಾನು ಯೋಚಿಸಿದ್ದೆ.

"ಅಲ್ಲಿ ಪುಸ್ತಕ…" ಎಂದೆ.

"ಅವೂ ಪೂಜಿಗೆ ಕುಂತಿರ್ತಾವು," ಎಂದಳು. "ಈ ರೇಷ್ಮಿ ಧೋತರಾ ಉಟ್ಕೊಂಡು ತಲಿಗೆ ಪಟಗಾ ಸುತ್ಕೊಂಡು ಹೋಗ್ರಿ. ಮಾನ ಹೋದ್ರೂ ನೋಡಾಕರ ಚೊಲೋ ಕಾಣ್ಲಿ."

ಹೆಲೆನ್ ಬಾಯಿ ಬಾಡಿಗೆ ಕಾರಿನಲ್ಲಿ ಬಂದು ನನ್ನನ್ನು ಹತ್ತಿಸಿಕೊಂಡರು. ಗಾಬರಿಯಾದರೆ ನಾನು ಮಾತು ಹೆಚ್ಚು ಆಡುತ್ತೇನೆ. ಇಂಗ್ಲಿಷಿನಲ್ಲಂತೂ ತಡೆಯೇ ಇರುವುದಿಲ್ಲ. ಪುಸ್ತಕಗಳನ್ನು ಎಷ್ಟು ಜೋಪಾನ ಮಾಡಿದ್ದೇನೆ, ಕೀಲಿ ಎಂಥ ಗಟ್ಟಿಯದು, ಈವರೆಗೆ ಒಂದು ಮಗುವೂ ಮುಟ್ಟಿಲ್ಲ, ಎಲ್ಲ ಹೇಳಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನನ್ನ ಶಿಸ್ತಿಗೆ ಬೆರಗಾದರು ಎಂದುಕೊಂಡೆ.

ಖೋಲಿಯಲ್ಲಿ ಕಪಾಟು ಮದುಮಗಳ ಹಾಗೆ ನಿಂತಿತ್ತು. ಬಾಗಿಲ ಹಿಡಿಕೆಗೆ ದಾರ, ಮೈತುಂಬ ವಿಭೂತಿ, ಮುಂದೆ ಬಾಳೆಹಣ್ಣು. ತಟ್ಟೆಯ ನಡುವೆ ಕುಂಕುಮ ಹಚ್ಚಿದ ಕೀಲಿಕೈ. ಮಕ್ಕಳು ಚಾಪೆಯ ಮೇಲೆ ಖಾಲಿ ಕೈ ಕಟ್ಟಿಕೊಂಡು ಕುಳಿತಿದ್ದರು.

"ಆಯಿ, ಬಾಗಿಲಾ ತಗೀರಿ," ಎಂದು ಕಿವಿಯಲ್ಲಿ ಹೇಳಿದೆ.

"ಹುಚ್ಚಗಿಚ್ಚ ಹಿಡದೈತೇನು? ನೀವ ಹೇಳೀರಿ, ಪೂಜಿ ಮಾಡ್ರಿ ಅಂತ. ನಾಳಿ ಬನ್ನಿ ಕೊಟ್ಟ ಮ್ಯಾಲ ತಗಿಯೂದು."

"ರೇಣುಕಾನ ಕಾಲೇಜಿನ ಪ್ರಶ್ನಿ ಐತಿ, ಆಯಿ."

ಗಂಗವ್ವ ಮೊಮ್ಮಗಳ ಮುಖ ನೋಡಿದರು. ಅವರ ಕಣ್ಣು ಸ್ವಲ್ಪ ಮಿದುವಾಯಿತು. ಕೈ ಮಾತ್ರ ತಟ್ಟೆಯ ಕಡೆ ಹೋಗಲಿಲ್ಲ.

ನಾನು ಹೆಲೆನ್ ಬಾಯಿಗೆ ವಿವರಿಸಿದೆ: ಪುಸ್ತಕ ನಮಗೆ ದೇವರು, ಆದ್ದರಿಂದ ಓದುವುದಿಲ್ಲ. ಹೇಳಿ ಮುಗಿದ ಮೇಲೆ ನನಗೇ ಕೇಳಿಸಿತು, ನಾನೇನು ಹೇಳಿದೆ ಎಂದು.

ರೇಣುಕಾ ಬೆರಳಿಗೆ ಸೆರಗು ಸುತ್ತುತ್ತ ಮುಂದೆ ಬಂದಳು. ಆಮೇಲೆ ಎಂದಳು, "ಪುಸ್ತಕಾ ಮುಟ್ಟಬಾರದು ಖರೆ, ಸರ್. ಬಾಯಿಲೇ ಕತಿ ಹೇಳಬಾರದು ಅಂತ ಏನಿಲ್ಲಲ್ಲ? ಏ ಪಾರೂ, ಏಳು."

ಎರಡು ಜಡೆಯ ಪುಟ್ಟ ಪಾರೂ ಎದ್ದು ನಿಂತಳು. ನೆಗಡಿಯಾದ ಆನೆಯೊಂದು ಸೀನಿದಾಗ ಊರಿನ ಮಂದಿ ಒಣಹಾಕಿದ ಅರಿವೆಯೆಲ್ಲ ಹಾರಿಹೋದ ಕಥೆಯನ್ನು, ಸೀನಿ ಸೀನಿ ಹೇಳಿದಳು. ನಾನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಅರ್ಧಕ್ಕೆ ಬಂದಾಗ ನೆನಪಾಯಿತು. ಸೀನುವ ಆನೆಯ ಚಿತ್ರವಿದ್ದ ಪುಸ್ತಕಕ್ಕೆ ನನ್ನ ಕೈಯಾರೆ ಹೊದಿಕೆ ಹಾಕಿದ್ದೆ. ಅದು ಕಪಾಟಿನೊಳಗಿತ್ತು!

ಹೆಲೆನ್ ಬಾಯಿ ಮುಂದಕ್ಕೆ ಬಾಗಿದರು. ಕೀಲಿ ಹಾಕಿದ್ದರೆ ನೀನು ಹೇಗೆ ಓದಿದೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ಹಿಂದಿನಿಂದ್ರಿ," ಎಂದಳು ಪಾರೂ. "ಕಪಾಟಿನ ಹಿಂದಿನ ಹಲಗಿ ಬಿಚ್ಚತೈತಿ. ಆಯಿ ಮನ್ಯಾಗಿಂದ ಕೈ ಹಾಕಿದ್ರ ಎಲ್ಲಾ ಪುಸ್ತಕಾ ಬರ್ತಾವು. ರವಿವಾರ ಕೀಲಿ ಸರ್ ಬರೂಕಿಂತ ಮೊದಲ ಎಲ್ಲಾ ತಿರುಗಿ ಇಡ್ತೀವಿ."

ರೇಣುಕಾ ಮಾಳಿಗೆಯ ತೊಲೆ ಎಣಿಸುತ್ತಿದ್ದಳು. ಗಂಗವ್ವ ದೀಪದ ಬತ್ತಿ ಸರಿಮಾಡುತ್ತಿದ್ದರು. ನಾನು ಸಂಯೋಜಕ, ಕರ್ತವ್ಯದಂತೆ ಪೂರ್ತಿ ಅನುವಾದಿಸಿದೆ.

ಪಾರೂ ನನ್ನ ಧೋತರ ಜಗ್ಗಿದಳು. ಹೆಲ್ಮೆಟ್ಟು, ಕನ್ನಡಕ, ಮಾಸ್ಕು ಇಲ್ಲದ ನನ್ನ ಮುಖವನ್ನು ಅವಳು ಎಂದೂ ಕಂಡವಳಲ್ಲ.

"ಅಜ್ಜಾರ, ಇದನ್ನ ಕೀಲಿ ಸರ್‌ಗೆ ಹೇಳಬ್ಯಾಡ್ರಿ ಅಂತ ಆ ಬಾಯಾರಿಗೆ ಹೇಳ್ರಿ. ಅವರಿಗೆ ಚಿಂತಿ ಭಾಳ ಅಂತ."

ಅಜ್ಜ! ಅದನ್ನೂ ಅನುವಾದಿಸಿದೆ. ಆ ಕೀಲಿ ಸರ್ ಯಾರು ಎಂದು ಹೆಲೆನ್ ಬಾಯಿಗೆ ಯಾರೂ ಹೇಳಬೇಕಿರಲಿಲ್ಲ. ಕಾರಿನಲ್ಲಿ ನಾನೇ ಹೇಳಿಯಾಗಿತ್ತು. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾಗಿ ನನ್ನ ಕೈ ಹಿಡಿದು, ಕೀಲಿ ಸರ್‌ಗೆ ಖಂಡಿತ ತಿಳಿಸುವುದಿಲ್ಲವೆಂದು ಮಾತು ಕೊಟ್ಟರು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಎದ್ದು ಕಥೆ ಹೇಳಿದರು. ಎಲ್ಲವನ್ನೂ ಅನುವಾದಿಸಿದೆ. ನನ್ನ ಗ್ರಂಥಾಲಯದ ಪುಸ್ತಕಗಳ ಒಳಗೆ ಏನೇನಿದೆ ಎಂದು ನನಗೆ ಗೊತ್ತಾದದ್ದು ಅಂದೇ.

ಮರುದಿನ ಹೆಲೆನ್ ಬಾಯಿ ಮತ್ತೆ ಬಂದರು, ಬನ್ನಿ ಕೊಟ್ಟ ಮೇಲೆ ಗಂಗವ್ವ ಕಪಾಟು ತೆರೆದರು. ನನ್ನ ಕಂದು ಹೊದಿಕೆಗಳ ಮೇಲೆಲ್ಲ ಆನೆ, ಟ್ರ್ಯಾಕ್ಟರು, ಕೋಳಿಗಳ ಚಿತ್ರಗಳಿದ್ದವು. ಹೊದಿಕೆ ಹಾಕಿದ್ದರಿಂದ ಯಾವ ಪುಸ್ತಕ ಯಾವುದೆಂದು ತಿಳಿಯದೆ ಮಕ್ಕಳು ಗುರುತು ಮಾಡಿಕೊಂಡಿದ್ದರು. ಹೆಲೆನ್ ಬಾಯಿ ಅಲ್ಲಿಯೇ ರೇಣುಕಾಗೆ ಹೇಳಿದರು, ನೆರವು ಮುಂದುವರಿಯುತ್ತದೆ, ಕಾಲೇಜಿಗೂ ಕಪಾಟಿಗೂ.

ನಾನು ಎಲ್ಲರೂ ಹೋದ ಮೇಲೆ ಮೆಲ್ಲಗೆ, "ಆಯಿ, ಕೀಲಿಕೈ…" ಎಂದೆ.

"ಅದಿನ್ನೂ ಪೂಜ್ಯಾಗ ಐತಿ, ಯಪ್ಪಾ. ಮುಂದಿನ ಖಂಡೇ ಪೂಜಿಗೆ ನೋಡೂಣು."

ಕೀಲಿಯೂ ಕೀಲಿಕೈಯೂ ಈಗ ಗಂಗವ್ವನ ದೇವರ ಜಗಲಿಯ ಮೇಲಿವೆ. ಕಪಾಟು ಮುಂದೆಯೂ ಹಿಂದೆಯೂ ತೆರೆದೇ ಇರುತ್ತದೆ. ನಾನು ಪ್ರತಿ ರವಿವಾರ ತಪ್ಪದೆ ಹೋಗುತ್ತೇನೆ. ಗಂಗವ್ವ ನನ್ನನ್ನು ಒಳಗೆ ಕರೆದು ಜಗಲಿ ತೋರಿಸುತ್ತಾರೆ. ನಾನು ಹೆಲ್ಮೆಟ್ಟು ತೆಗೆದು, ಕೀಲಿಗೆ ಕೈಮುಗಿದು, ಚಹಾ ಕುಡಿದು ಬರುತ್ತೇನೆ.