ಸರ್ವರಿಗೂ ಸಿಗದ ಸರ್ವರ್

"ಇವತ್ತಿಗೆ ನಿನ್ನ ಅಳತೆ ಪುಸ್ತಕದ ಯುಗ ಮುಗೀತು!" ಎಂದು ಯಜಮಾನರು ಘೋಷಿಸಿದಾಗ ಅವರ ಹೆಂಡತಿ ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಹಾಗಾಗಿ ತಕ್ಷಣ ಉತ್ತರ ಬರಲಿಲ್ಲ. ಅದನ್ನೇ ಅವರು ಒಪ್ಪಿಗೆ ಎಂದು ತಿಳಿದರು.

ಯಜಮಾನರು ಎನ್ನುವುದು ಹೆಸರಿಗೆ ಮಾತ್ರ. ಮನೆಯ ಕೆಳಗಿನ ಹೊಲಿಗೆ ಅಂಗಡಿ ಹೆಂಡತಿಯದು. ಇವರು ಸರ್ವೇ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರೆಯವರ ಜಮೀನು ಅಳೆಯುತ್ತಿರುವವರು. ಊರ ನೆಲವನ್ನೇ ಅಳೆದವನಿಗೆ ಜನರ ಎದೆ, ಸೊಂಟ ಯಾವ ಮಹಾ ಎಂಬ ಧೈರ್ಯ! ಅಂಗಡಿಗೆ ನಲವತ್ತು ಜನರ ಬ್ಯಾಂಡಿನ ಕೋಟುಗಳ ಆರ್ಡರ್ ಬಂದಿತ್ತು. ಕಡುಕೆಂಪು ಬಟ್ಟೆ. ಅದೇ ಬಣ್ಣದ್ದು ಇನ್ನೊಂದು ಮೊಳ ಬೇಕೆಂದರೂ ಸಿಗದು ಎಂದು ಗಿರಣಿಯವರು ಖಡಾಖಂಡಿತವಾಗಿ ಹೇಳಿದ್ದರು. ಇಂಥ ಹೊತ್ತಿನಲ್ಲಿ, ಅಂಚು ಕಿತ್ತುಹೋಗಿ ಸೀಮೆಸುಣ್ಣ ಮೆತ್ತಿಕೊಂಡ ಪುಸ್ತಕವೊಂದನ್ನು ನಂಬಿ ಕೂರುವುದೇ? ಛೆ! ಯಜಮಾನರು ನಾಲ್ಕು ದಿನ ರಜೆ ಹಾಕಿ, ನಲವತ್ತು ಜನರ ಅಳತೆಯನ್ನೂ ಮಹಡಿಯ ಮೇಲಿನ ತಮ್ಮ ಕಂಪ್ಯೂಟರಿಗೆ ಏರಿಸಿ, ಅದನ್ನು ಸರ್ವರ್ ಪದವಿಗೆ ಏರಿಸಿದ್ದರು.

"ಸರ್ವರ್ ಅಂದ್ರೆ ಏನು ಗೊತ್ತಾ? ಸರ್ವರಿಗೂ ಸಿಗೋದು!"

"ಸರ್ವರಿಗೂ ಬೇಡ. ನಂಗೂ ಕಟಿಂಗ್ ಮಾಸ್ಟರಿಗೂ ಸಿಕ್ರೆ ಸಾಕು" ಎಂದಳು ಹೆಂಡತಿ, ಪಿನ್ನು ತೆಗೆದು.

"ಸಿಗತ್ತೆ. ಬ್ರೌಸರ್ ತೆಗೆದು 'ಲೋಕಲ್‌ಹೋಸ್ಟ್' ಅಂತ ಹೊಡಿ. ನನ್ನ ಕಂಪ್ಯೂಟರಲ್ಲಿ ಹಾಗೆ ಹೊಡೆದ್ರೆ ಥಟ್ಟಂತ ಬರತ್ತೆ."

ಕೆಳಗೆ ಅಂಗಡಿಯಲ್ಲಿದ್ದ ಕಟಿಂಗ್ ಮಾಸ್ಟರಿಗೂ ಅದನ್ನೇ ಹೇಳಿ ಕಳಿಸಿದರು. ಮರುಕ್ಷಣವೇ ಮಾಸ್ಟರ್ ಫೋನ್ ಮಾಡಿದರು. "ಬಂತು ಸಾರ್! ನಲವತ್ತು ಹೆಸರೂ ಇದೆ!"

ನಡುಮನೆಯಿಂದ ಹೆಂಡತಿ ಕೂಗಿದಳು. "ರೀ, ನಂಗೆ ಬರ್ತಿಲ್ಲ!"

ಪಿತ್ತ ನೆತ್ತಿಗೇರಿದ ಯಜಮಾನರು ಮಹಡಿಯಿಂದ ಧಡಧಡ ಇಳಿದು ಬಂದರು. ಗೊರಗೊರ ಎನ್ನುವ ಕೆಳಗಿನ ಅಂಗಡಿಯ ಹಳೇ ಕಂಪ್ಯೂಟರ್ ಡಬ್ಬಕ್ಕೆ ಸಿಕ್ಕಿದ್ದು ಹೆಂಡತಿಯ ಈ ಹೊಚ್ಚ ಹೊಸ ಲ್ಯಾಪ್‌ಟಾಪಿಗೆ ಸಿಗುವುದಿಲ್ಲವೆಂದರೆ ಏನರ್ಥ?

"ಮಾಸ್ಟರಿಗೆ ಬರತ್ತೆ, ನಿನಗೆ ಬರಲ್ಲ ಅಂದ್ರೆ ತಪ್ಪು ಯಾರದು?"

"ನಂದಾ?"

"ನಾನು ಹಾಗಂದ್ನಾ?"

"ನಿಮ್ಮ ಮುಖ ಹಾಗಂತಿದೆ."

ಅಲ್ಲಿಂದ ಶುರುವಾಯಿತು ಮಹಾಯುದ್ಧ. ಸರ್ವರನ್ನು ಏಳು ಸಲ ಮಲಗಿಸಿ ಏಳು ಸಲ ಎಬ್ಬಿಸಿದರು. ಗೋಡೆಯ ಮೇಲಿನ ವೈಫೈ ಡಬ್ಬಿಯ ತಂತಿ ಕಿತ್ತು, ಊದಿ, ಮತ್ತೆ ಸಿಕ್ಕಿಸಿದರು. ಆಮೇಲೆ ಫೈರ್‌ವಾಲ್ ಎಂಬ ಕಾವಲುಗಾರನ ಮೇಲೆ ಅವರ ಕೆಂಗಣ್ಣು ಬಿತ್ತು. "ಸ್ವಂತ ಮನೆಯಲ್ಲಿ, ಸ್ವಂತ ಗಂಡನ ಕಂಪ್ಯೂಟರಿಗೆ ಸ್ವಂತ ಹೆಂಡತಿ ಬರೋ ಹಾಗಿಲ್ವಂತೆ! ಯಾರಪ್ಪ ಇವನು ತಡೆಯೋಕೆ?" ಎಂದು ಅವನ ಜನ್ಮ ಜಾಲಾಡಿ, ದಾರಿ ಬಿಡಿಸಿದರು. ಆದರೂ ಲ್ಯಾಪ್‌ಟಾಪಿನ ಪರದೆ ಜಪ್ಪಯ್ಯ ಅನ್ನಲಿಲ್ಲ.

ಈ ರಣರಂಗದ ನಡುವೆ ಮತ್ತೆ ಮಾಸ್ಟರರ ಫೋನು.

"ಸಾರ್, ಇದ್ರಲ್ಲಿ ಎಲ್ಲಾ ಒಂದೇ ಥರ ಇದೆಯಲ್ಲ…"

"ಒಂದೇ ಥರ ಇರ್ಲಿ ಅಂತ್ಲೇ ನಾನು ನಾಲ್ಕು ದಿನ ಒದ್ದಾಡಿದ್ದು!" ಯಜಮಾನರು ಗುಡುಗಿದರು. "ಒಂದು ಕಡೆ ಪೆನ್ನು, ಒಂದು ಕಡೆ ಪೆನ್ಸಿಲ್ಲು, ಒಂದು ಕಡೆ ಕಾಫಿ ಕಲೆ ಇರೋಕೆ ಇದೇನು ನಿಮ್ಮ ಹಳೇ ಪುಸ್ತಕನಾ? ಕಂಪ್ಯೂಟರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಇದ್ದ ಹಾಗೆ ಕತ್ತರಿಸ್ರೀ!"

ಫೋನನ್ನು ಕುಕ್ಕಿ ಇಟ್ಟರು. ಒಂದು ಶಿಸ್ತು ತಂದರೂ ಈ ಜನಕ್ಕೆ ಸಹಿಸೋದಿಲ್ಲ!

ಹೆಂಡತಿ ಮೇಲೆ ಬಂದು ಪಕ್ಕದಲ್ಲಿ ಕುಳಿತಳು. ಸರ್ವರಿಗೆ ಅಪ್ಪಣೆ ಬರೆದಿಡುವ ಕಡತ ತೆರೆದಿತ್ತು. "ಇದೇನ್ರೀ, 'ಲಿಸನ್' ಅಂತ ಬರೆದು ಮುಂದೆ ನಂಬರು?"

"ಯಾರ ಮಾತು ಕೇಳ್ಬೇಕು ಅಂತ. ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು. ಅಂದ್ರೆ ಈ ಕಂಪ್ಯೂಟರಿನ ಮಾತು ಮಾತ್ರ."

"ತನ್ನ ಮಾತು ತಾನೇ ಕೇಳ್ಕೊಳ್ಳತ್ತೆ, ಹೊರಗಿನವರದ್ದು ಕಿವಿಗೇ ಹಾಕ್ಕೊಳ್ಳಲ್ಲ. ಥೇಟ್ ನಿಮ್ಮ ಹಾಗೆ!"

ಯಜಮಾನರು ಕೇಳದವರಂತೆ ನಟಿಸಿ, ಎಲ್ಲರ ಮಾತೂ ಕೇಳುವಂತೆ ಆ ಸಾಲನ್ನು ತಿದ್ದಿದರು. ಸರ್ವರನ್ನು ಎಂಟನೇ ಸಲ ಎಬ್ಬಿಸಿದರು. ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಲೋಕಲ್‌ಹೋಸ್ಟ್ ಎಂದು ಕುಟ್ಟಿದರು. ಊಹೂಂ!

"ಅಲ್ಲಾ, ಈ ಲೋಕಲ್‌ಹೋಸ್ಟ್ ಅಂದ್ರೇನು?" ಎಂದಳು.

"ಅಷ್ಟೂ ಗೊತ್ತಿಲ್ವಾ? ನಾವು 'ನಮ್ಮನೆ' ಅಂತೀವಲ್ಲ, ಹಾಗೆ. ಯಾವ ಕಂಪ್ಯೂಟರಲ್ಲಿ ಕೂತು ಹೊಡಿತೀವೋ ಆ ಕಂಪ್ಯೂಟರೇ."

"ನಾನು ನನ್ನದ್ರಲ್ಲಿ ಹೊಡೆದ್ರೆ?"

"ನಿನ್ನ ಲ್ಯಾಪ್‌ಟಾಪೇ."

"ನಿಮ್ಮ ಕಂಪ್ಯೂಟರಿಗೆ ತುಂಬಿದ ಅಳತೆ ನನ್ನ ಲ್ಯಾಪ್‌ಟಾಪಲ್ಲಿ ಹೇಗಿರತ್ತೆ?"

ಯಜಮಾನರು ಈ ಸಲ ತಮ್ಮ ಕಂಪ್ಯೂಟರಿನ ವಿಳಾಸದ ನಂಬರನ್ನು ಅವಳ ಲ್ಯಾಪ್‌ಟಾಪಿನಲ್ಲಿ ಒತ್ತಿದರು. ಪಟ್ಟಿ ಪ್ರತ್ಯಕ್ಷವಾಯಿತು!

"ಬಂತು! ನೋಡು, ಬಂತು!"

ಹೆಂಡತಿ ಪರದೆಯನ್ನು ನೋಡುತ್ತಿರಲಿಲ್ಲ. ಗಂಡನನ್ನು ನೋಡುತ್ತಿದ್ದಳು. "ಅದಿರ್ಲಿ. ಮಾಸ್ಟರು ಬೆಳಗ್ಗಿಂದ ಕೆಳಗೆ ಯಾರ ಮನೆ ನೋಡ್ತಿದ್ದಾರೆ?"

ಯಜಮಾನರಿಗೆ ಆಗ ನೆನಪಾಯಿತು. ರಜೆಯ ಮೊದಲ ದಿನ ಇದನ್ನೆಲ್ಲ ಅವರು ಕೆಳಗಿನ ಡಬ್ಬದಲ್ಲೇ ಕೂರಿಸಿ ಪರೀಕ್ಷೆ ಮಾಡಿದ್ದರು. ನಲವತ್ತು ಹೆಸರು ತುಂಬಿದ್ದರು. ಅಳತೆ ಪುಸ್ತಕ ಕೈಗೆ ಸಿಗದ ಕಾರಣ, ತಮ್ಮ ಮೈಗೇ ಟೇಪು ಸುತ್ತಿ, ಬಂದ ಅಳತೆಯನ್ನು ನಲವತ್ತು ಹೆಸರಿನ ಮುಂದೂ ಬರೆದಿದ್ದರು. ಅದನ್ನು ಅಳಿಸುವುದು ಮರೆತೇಹೋಗಿತ್ತು. ಮಾಸ್ಟರಿಗೆ ಬೆಳಗ್ಗೆ ಥಟ್ಟಂತ ಸಿಕ್ಕಿದ್ದು ಅದೇ ಪಟ್ಟಿ!

ಇಬ್ಬರೂ ಒಂದೇ ಉಸಿರಿಗೆ ಮೆಟ್ಟಿಲಿಳಿದರು. ಕತ್ತರಿಸುವ ಮೇಜಿನ ಮುಂದೆ ಮಾಸ್ಟರು ಮದುಮಗನಂತೆ ಬೀಗುತ್ತ ನಿಂತಿದ್ದರು.

"ಜೀವಮಾನದಲ್ಲಿ ಇಷ್ಟು ಸಲೀಸಾದ ಆರ್ಡರ್ ನೋಡಿಲ್ಲ ಮೇಡಂ! ಎಲ್ಲರಿಗೂ ಒಂದೇ ಎದೆ, ಒಂದೇ ಸೊಂಟ! ಎಂಟೆಂಟು ಪದರ ಹಾಸಿ ಕತ್ತರಿಸ್ತಾ ಇದೀನಿ. ಇಪ್ಪತ್ನಾಲ್ಕು ಆಯ್ತು. ಅಷ್ಟು ದಪ್ಪ ಮನುಷ್ಯರು ನಲವತ್ತು ಜನ ಎಲ್ಲಿ ಸಿಕ್ರೋ ಅಂತ ಆಶ್ಚರ್ಯ ಆಗಿ ಸಾರ್‌ಗೆ ಫೋನೂ ಮಾಡ್ದೆ. ಬೈದ್ರು."

ಹೆಂಡತಿ ಮಾಸ್ಟರರ ಕೈಯಿಂದ ಕತ್ತರಿ ಕಿತ್ತುಕೊಂಡಳು. ಯಜಮಾನರು ಬಾಗಿಲಿನ ಕಡೆ ಒಂದು ಹೆಜ್ಜೆ ಸರಿದರು. ಆರು ತಿಂಗಳು ಕಾದು ಹಿಡಿದ ಆರ್ಡರು. ಅವಳ ಕಣ್ಣಂಚು ಒದ್ದೆಯಾದದ್ದನ್ನು ಕಂಡು ಅವರು ಅಲ್ಲೇ ನಿಂತರು. ಅಷ್ಟು ಹೊತ್ತಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ!

ಅವಳು ಲ್ಯಾಪ್‌ಟಾಪನ್ನು ತರಿಸಿ ಮೇಜಿನ ಮೇಲಿಟ್ಟು, ಒಂದೊಂದೇ ಅಳತೆ ಓದುತ್ತ ಕತ್ತರಿಸಿದ ತುಂಡುಗಳ ಮೇಲೆ ಟೇಪು ಹಿಡಿದಳು. ಕೊಳಲಿನವರು ಸೊಂಟ ಮೂವತ್ನಾಲ್ಕು ಇಂಚು. ಕಹಳೆಯವರು ಮೂವತ್ತೆಂಟು. ದೊಡ್ಡ ಡ್ರಮ್ಮಿನವರು ನಲವತ್ತೆರಡು. ಯಜಮಾನರೋ, ನಲವತ್ತೆಂಟು! ಎತ್ತರದಲ್ಲೂ ಅವರನ್ನು ಮೀರಿಸಿದವರು ಇಡೀ ಬ್ಯಾಂಡಿನಲ್ಲಿ ಒಬ್ಬರೂ ಇರಲಿಲ್ಲ.

"ಮಾಸ್ಟ್ರೇ, ಎಲ್ಲರೂ ಇವರಿಗಿಂತ ಸಣ್ಣವರೇ. ಇಷ್ಟಿಷ್ಟು ಒಳಗೆ ತಗೊಂಡು ಮತ್ತೆ ಕತ್ತರಿಸಿದ್ರೆ ಆಯ್ತು. ಉಳಿದ ಹದಿನಾರನ್ನ ತೀರಾ ಸಣ್ಣವರಿಗೆ ಇಟ್ರೆ ಮಿಕ್ಕ ಬಟ್ಟೆ ಸಾಕಾಗತ್ತೆ" ಎಂದು ಅವಳು ನಿಟ್ಟುಸಿರು ಬಿಟ್ಟಳು.

ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಬಂದದ್ದೇ ತಡ, ಎದೆಯುಬ್ಬಿತು. "ನೋಡಿದ್ಯಾ? ಅದಕ್ಕೇ ನಾನು ಮುಂದಾಲೋಚನೆ ಮಾಡಿ…"

"ಸಾಕು, ಸುಮ್ನಿರಿ" ಎಂದಳು ಹೆಂಡತಿ. "ನಿಮ್ಮ ತಲೆ ಹಾಳು ಮಾಡಿದ್ದನ್ನ ನಿಮ್ಮ ಹೊಟ್ಟೆ ಉಳಿಸ್ತು. ಇನ್ಮೇಲೆ ಅಂಗಡಿ ವಿಷಯದಲ್ಲಿ ಏನಾದ್ರೂ ಕೇಳೋದಿದ್ರೆ ನಾನು ಆ ಹೊಟ್ಟೆನೇ ಕೇಳ್ತೀನಿ."