ಚಪ್ಪಲಿ ಬ್ರೇಕೂ ನನ್ನ ರಬ್ಬರ್ ಬ್ರೇಕೂ

"ನಿನ್ ಕೈಲಿ ಆಗಕಿಲ್ಲ ಕಣಮ್ಮಾ" ಅಂತ ಮೊದಲು ಹೇಳಿದವರು ನಮ್ಮ ಕಟ್ಟಡದ ಯಜಮಾನರು. ಅಮೃತಹಳ್ಳಿಯಲ್ಲಿ ಅವರ ಮನೆಯ ಕೆಳಗಿನ ಮಳಿಗೆಯನ್ನು ಸೈಕಲ್ ಅಂಗಡಿಗೆಂದು ಬಾಡಿಗೆಗೆ ಹಿಡಿದ ದಿನ, ಬೀಗದ ಕೈಯನ್ನು ನನ್ನ ಅಂಗೈಗೆ ಹಾಕುತ್ತಲೇ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. ನಾನು ಸೋಲುವುದನ್ನು ಹತ್ತಿರದಿಂದ ನೋಡಬೇಕು ಅಂತ ಅಂಗಡಿಯ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡರು.

ಅವರಿಗೂ ಒಂದು ಸೈಕಲ್ ಇದೆ. ಬ್ರೇಕ್ ಇಲ್ಲ. ನಿಲ್ಲಬೇಕಾದಾಗ ಬಲಗಾಲನ್ನು ಎತ್ತಿ, ರಬ್ಬರ್ ಚಪ್ಪಲಿಯನ್ನು ಮುಂದಿನ ಟೈರಿಗೆ ಒತ್ತುತ್ತಾರೆ. ಮೀಸೆ ಬಂದಾಗಿನಿಂದ ಹಾಗೇ ನಿಂತಿದ್ದಾರಂತೆ. ಬ್ರೇಕ್ ಮಾರುವವಳಿಗೆ ಅಂಗಡಿ ಬಾಡಿಗೆ ಕೊಡುವುದು ಅವರ ಪ್ರಕಾರ ಮೀನಿಗೆ ಕೊಡೆ ಮಾರುವವಳಿಗೆ ಕೊಟ್ಟ ಹಾಗೆ.

ಹನ್ನೊಂದು ತಿಂಗಳ ಕರಾರು ಮುಗಿಯುವ ಹೊತ್ತಿಗೆ ಕೇಕ್ ಅಂಗಡಿ ಇಡುತ್ತೇನೆ ಅಂತ ಒಬ್ಬ ಬಂದು ಮಳಿಗೆ ಕೇಳಿದ. ಯಜಮಾನರು ನನಗೆ ಹೇಳಿದರು: "ಈ ಮಳೆಗಾಲ ನೋಡ್ತೀನಿ. ನಿನ್ನ ಬ್ರೇಕಿನ ಮೇಲೆ ಒಂದು ದೂರು ಬಂದರೂ ಸೈ, ಕೇಕ್‌ನವನಿಗೆ ಕೊಟ್ಬುಡ್ತೀನಿ."

ದೂರು ಬರಬಾರದು ಅಂದುಕೊಂಡರೆ ಎಂಥೆಂಥವೋ ಬರುತ್ತವೆ. ಇವು ಆ ಮಳೆಗಾಲದವು.

ಎಲ್ಲ ಹವಾಮಾನಕ್ಕೂ

ನಾನು ಸ್ಕೂಲಿನಲ್ಲಿ ಓದಿದ್ದು ಕಡಿಮೆ. ಕನ್ನಡವನ್ನು ಅಂಗಡಿ ಬೋರ್ಡುಗಳಲ್ಲಿ, ಇಂಗ್ಲಿಷನ್ನು ಬಿಡಿಭಾಗಗಳ ಪ್ಯಾಕೆಟ್ಟಿನ ಮೇಲೆ ಕಲಿತವಳು. ಹಾಗಾಗಿ ಪ್ಯಾಕೆಟ್ಟನ್ನು ಎರಡೂ ಕಡೆ ಓದದೆ ನಾನು ಏನನ್ನೂ ಕೊಳ್ಳುವುದಿಲ್ಲ.

ಮಳೆಗೆ ಒಳ್ಳೆಯ ಬ್ರೇಕ್ ರಬ್ಬರ್ ತರಲು ಯಶವಂತಪುರದ ಹೋಲ್‌ಸೇಲ್ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಪ್ಯಾಕೆಟ್ ಮುಂದಿಟ್ಟರು.

"ಇದು ಮಳೇಲಿ ಹಿಡಿಯುತ್ತಾ?" ಅಂದೆ.

"ಎಲ್ಲಾ ವೆದರ್‌ಗೂ ಅಂತ ಪ್ರಿಂಟೇ ಹಾಕಿದಾರಲ್ಲ ಮೇಡಂ."

ನಾನು ಪ್ಯಾಕೆಟ್ಟು ತಿರುಗಿಸಿದೆ. "ಹಿಂದುಗಡೆ 'ನೀರು ತಾಗದಂತೆ ಇಡಿ' ಅಂತಲೂ ಹಾಕಿದಾರೆ."

ಅವರು ಮುಂದುಗಡೆ ಓದಿದರು, ಹಿಂದುಗಡೆ ಓದಿದರು, ಮತ್ತೆ ಮುಂದುಗಡೆ ಓದಿದರು. "ಅದು ಪ್ಯಾಕೆಟ್ಟಿಗೆ ಮೇಡಂ. ರಬ್ಬರಿಗಲ್ಲ."

"ಹಾಗಾದರೆ ರಬ್ಬರ್ ತೆಗೆದು ನೀರಿಗೆ ಹಾಕಿ ನೋಡೋಣ" ಅಂತ ಮೇಜಿನ ಮೇಲಿದ್ದ ಲೋಟಕ್ಕೆ ಕೈ ಹಾಕಿದೆ. ಅವರು ಲೋಟವನ್ನು ಎದೆಗವಚಿಕೊಂಡರು.

"ಒದ್ದೆ ಮಾಡಿದ್ರೆ ವಾಪಸ್ ತಗೊಳಲ್ಲ ಮೇಡಂ."

"ಮಳೇಲಿ ಒದ್ದೆ ಆಗಲ್ವಾ?"

"ಮಳೇಲಿ ಆದ್ರೆ ಅದು ನಿಮ್ಮ ಜವಾಬ್ದಾರಿ. ಉಳಿದ ಎಲ್ಲಾ ವೆದರ್‌ಗೂ ನಮ್ಮ ಗ್ಯಾರಂಟಿ."

ಕೊನೆಗೆ ನನ್ನ ಉಗುರನ್ನೇ ನಂಬಿದೆ. ಉಗುರು ಒತ್ತಿದರೆ ಸ್ವಲ್ಪ ಒಳಗೆ ಹೋಗುವ ಮೆತ್ತನೆಯ ರಬ್ಬರ್ ಮಳೆಯಲ್ಲಿ ರಿಮ್ಮನ್ನು ಕಚ್ಚುತ್ತದೆ. ಕಲ್ಲಿನಂತೆ ಗಟ್ಟಿಯಾಗಿರುವುದು ಜಾರುತ್ತದೆ. ಅಂಗಡಿಯಲ್ಲಿದ್ದ ಎಲ್ಲ ಪೆಟ್ಟಿಗೆಗಳಿಗೂ ಉಗುರು ಹಾಕಿ ಆರಿಸಿ ತಂದೆ. ಮುಂದಿನ ಸಲ ಹೋದಾಗ ಆ ಅಂಗಡಿಯಲ್ಲಿ ಹೊಸ ಬೋರ್ಡು ಇತ್ತು: "ಉಗುರು ಕತ್ತರಿಸಿಕೊಂಡು ಬನ್ನಿ."

ಸದ್ದಿಲ್ಲದ ಸೊಪ್ಪು

ನಮ್ಮ ಬೀದಿಗೆ ಸೊಪ್ಪು ತರುವವರ ಸೈಕಲ್ಲಿನ ಬ್ರೇಕು ಹಂದಿ ಹಿಡಿದಾಗ ಕೇಳುವಂಥ ಸದ್ದು ಮಾಡುತ್ತಿತ್ತು. ನನಗೆ ಸಹಿಸಲು ಆಗಲಿಲ್ಲ. ಕರೆದು ಕೂರಿಸಿ, ಮುಂದೆ ಹಿಂದೆ ಎರಡೂ ಕಡೆ ಹೊಸ ರಬ್ಬರ್ ಹಾಕಿ, ರಬ್ಬರಿನ ಮುಂದಿನ ತುದಿಯನ್ನು ಸ್ವಲ್ಪ ರಿಮ್ಮಿನ ಕಡೆಗೆ ವಾಲಿಸಿ ಬಿಗಿ ಮಾಡಿದೆ. ಹಾಗೆ ವಾಲಿಸಿದರೆ ಕಿರುಚುವುದಿಲ್ಲ. ಸೈಕಲ್ಲು ಬೆಕ್ಕಿನ ಹಾಗೆ ಬಂದು ಬೆಕ್ಕಿನ ಹಾಗೆ ನಿಲ್ಲತೊಡಗಿತು.

ಮರುದಿನ ಅವರು ಬುಟ್ಟಿ ತುಂಬ ಬಾಡಿದ ಸೊಪ್ಪಿನೊಂದಿಗೆ ಅಂಗಡಿಯ ಮುಂದೆ ನಿಂತರು. "ಅಕ್ಕಾ, ನನ್ನ ಸದ್ದು ವಾಪಸ್ ಕೊಡಿ."

"ಯಾಕಣ್ಣ, ಬ್ರೇಕ್ ಹಿಡೀತಿಲ್ವಾ?"

"ಹಿಡೀತೈತೆ. ಆದ್ರೆ ಒಬ್ಬರೂ ಆಚೆ ಬರ್ತಿಲ್ಲ. ಆ ಸದ್ದು ಕೇಳೇ ಅಲ್ವಾ ಅವರೆಲ್ಲ ಬರ್ತಿದ್ದಿದ್ದು. ನಂಗೆ ಕೂಗೋಕೆ ಗಂಟಲಿಲ್ಲ."

ಕುರ್ಚಿಯಲ್ಲಿದ್ದ ಯಜಮಾನರು ಪೇಪರ್ ಮಡಚಿದರು. "ಬಂತು ನೋಡು ದೂರು."

"ಬ್ರೇಕ್ ಚೆನ್ನಾಗಿದೆ ಅನ್ನೋದು ದೂರಾ ಯಜಮಾನ್ರೇ?"

"ಚೆನ್ನಾಗಿರೋದೂ ದೂರೇ. ಸೊಪ್ಪು ಬಾಡೋಯ್ತಲ್ಲ."

ಅವರ ಬಾಯಿ ಮುಚ್ಚಿಸಲೇಬೇಕಿತ್ತು. ಕಸದ ಡಬ್ಬಿಯಲ್ಲಿದ್ದ ಹಳೆಯ ರಬ್ಬರ್ ಹುಡುಕಿ, ಒರೆಸಿ, ಹಿಂದಿನ ಚಕ್ರಕ್ಕೆ ಮತ್ತೆ ಹಾಕಿದೆ. ಸೊಪ್ಪಿನವರು ಬೀದಿಯ ತುದಿಗೆ ಹೋಗಿ ಒಮ್ಮೆ ಹಿಂಡಿದರು. ಬಾಗಿಲುಗಳೆಲ್ಲ ತೆರೆದವು. ಅಂದಿನಿಂದ ಅವರ ಮುಂದಿನ ಬ್ರೇಕು ನಿಲ್ಲುವುದಕ್ಕೆ, ಹಿಂದಿನ ಬ್ರೇಕು ವ್ಯಾಪಾರಕ್ಕೆ.

ಆಯುಧಪೂಜೆಯ ಮಾರನೇ ದಿನ

ಜಕ್ಕೂರು ಕಡೆಯ ಅಪಾರ್ಟ್‌ಮೆಂಟಿನ ಒಬ್ಬರು ಸರ್ ಇದ್ದಾರೆ. ಭಾನುವಾರ ಮೈಗಂಟುವ ಬಟ್ಟೆ ಹಾಕಿಕೊಂಡು ಕೆರೆ ಸುತ್ತುವ ಗುಂಪಿನವರು. ಅವರ ಸೈಕಲ್ಲಿಗೆ ಡಿಸ್ಕ್ ಬ್ರೇಕು. ಮಳೆ, ಕೆಸರು, ಏನೇ ಇರಲಿ ಹಿಡಿಯುವಂಥ ಪ್ಯಾಡ್ ಆರಿಸಿ ಹಾಕಿಕೊಟ್ಟಿದ್ದೆ.

ಆಯುಧಪೂಜೆಯ ಮಾರನೇ ದಿನ ಅವರು ಸೈಕಲ್ ತಳ್ಳಿಕೊಂಡು ಬಂದರು. ಮೊಣಕೈಗೆ ಬ್ಯಾಂಡೇಜು. ಜೊತೆಗೆ ಅವರ ತಾಯಿಯೂ ಇದ್ದರು. ಹ್ಯಾಂಡಲ್ಲಿಗೆ ಇನ್ನೂ ಬಾಳೆಕಂದು ಕಟ್ಟಿತ್ತು.

"ಬ್ರೇಕ್ ಒಂಚೂರೂ ಹಿಡೀತಿಲ್ಲ ಮೇಡಂ. ಪೊದೆಯೊಳಗೆ ಹೋಗಿ ನಿಂತೆ" ಅಂದರು.

ಯಜಮಾನರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಡಿಸ್ಕ್ ಮುಟ್ಟಿ ನೋಡಿದೆ. ಬೆರಳು ಜಾರಿತು. ಮೂಸಿದೆ. ಕೊಬ್ಬರಿ ಎಣ್ಣೆ. "ಇದಕ್ಕೆ ಎಣ್ಣೆ ಹಚ್ಚಿದವರು ಯಾರು?"

ತಾಯಿ ಹೆಮ್ಮೆಯಿಂದ ಹೇಳಿದರು: "ನಾನೇ ಕಣಮ್ಮ. ಪೂಜೆಗೆ ಮುಂಚೆ ಬೆಳ್ಳಗಿರೋದಕ್ಕೆಲ್ಲ ಹಚ್ಚಿದೆ. ಎಷ್ಟು ಫಳಫಳ ಅಂತಿತ್ತು ಗೊತ್ತಾ? ಆಮೇಲೆ ಅರಿಶಿನ ಕುಂಕುಮನೂ ಇಟ್ಟೆ."

"ಅಮ್ಮಾ, ಬ್ರೇಕಿಗೆ ಎಣ್ಣೆ ತಾಗಬಾರದು. ಪ್ಯಾಡ್ ಎಣ್ಣೆ ಕುಡಿದುಬಿಟ್ಟಿದೆ, ಬದಲಾಯಿಸಬೇಕು."

ಸರ್ ತಾಯಿಯ ಕಡೆ ತಿರುಗಿದರು. "ಪೂಜೆ ಮಾಡಿದ್ದೀನಿ, ದೇವರು ಕಾಪಾಡ್ತಾನೆ, ಧೈರ್ಯವಾಗಿ ಹೋಗು ಅಂದ್ಯಲ್ಲಮ್ಮಾ?"

"ಕಾಪಾಡಿದ್ನಲ್ಲೋ. ಪೊದೆ ಯಾರು ಇಟ್ಟಿದ್ದು ಅಲ್ಲಿ?"

ಯಜಮಾನರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ದೂರು ಅಂತ ಸೇರಿಸಿಕೊಳ್ಳುವುದನ್ನೇ ಮರೆತರು.

ಹಗ್ಗದ ಮೇಲೆ

ಆ ವಾರ ಬಿಡದೆ ಮಳೆ. ಕೇಕಿನವನು ಕೊಡೆ ಹಿಡಿದುಕೊಂಡು ಬಂದು, ಮಳಿಗೆ ಕೊಡುತ್ತೀರೋ ಇಲ್ಲವೋ ಅಂತ ಕೇಳಿದ. ಯಜಮಾನರು ನನ್ನ ಕಡೆ ನೋಡಿದರು. ದೂರು ಒಂದೂ ಗಟ್ಟಿಯಾಗಿ ನಿಂತಿರಲಿಲ್ಲ.

"ಏನೇ ಹೇಳು, ಮಳೇಲಿ ನಿನ್ನ ರಬ್ಬರಿಗಿಂತ ನನ್ನ ಚಪ್ಪಲೀನೇ ವಾಸಿ" ಅಂದರು.

"ನೋಡೇಬಿಡೋಣ" ಅಂದೆ.

"ನೋಡೇಬಿಡಾಣ. ನಾ ಗೆದ್ದರೆ ಮಳಿಗೆ ಅವನಿಗೆ. ನೀ ಗೆದ್ದರೆ ನಿನಗೆ, ನೀನು ಸಾಕು ಅನ್ನೋವರೆಗೂ."

ನಮ್ಮ ಬೀದಿ ಮೇಲಿನಿಂದ ಕೆಳಕ್ಕೆ ಇಳಿಜಾರು. ಯಜಮಾನರ ಹೆಂಡತಿ, ನಾವೆಲ್ಲ ಅಜ್ಜಿ ಅನ್ನುತ್ತೇವೆ, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ರಸ್ತೆಗೆ ಅಡ್ಡ ಹಾಸಿದರು. ಮೇಲಿನಿಂದ ಪೆಡಲ್ ತುಳಿಯದೆ ಬಂದು ಹಗ್ಗದ ಹತ್ತಿರ ನಿಲ್ಲಬೇಕು. ಯಾರ ಸೈಕಲ್ ಹಗ್ಗ ದಾಟದೆ ನಿಲ್ಲುತ್ತದೋ ಅವರು ಗೆದ್ದ ಹಾಗೆ.

ಮೊದಲು ಯಜಮಾನರು. ಪಂಚೆ ಎತ್ತಿ ಕಟ್ಟಿ, ಗಂಭೀರವಾಗಿ ಇಳಿದರು. ಹಗ್ಗಕ್ಕೆ ಇನ್ನೂ ದೂರವಿರುವಾಗಲೇ ಬಲಗಾಲೆತ್ತಿ ಟೈರಿಗೆ ಒತ್ತಿದರು. ಚಪ್ಪಲಿ ಕಾಲಿನಿಂದ ಜಾರಿ, ಕೇಕಿನವನ ಕೊಡೆಯ ಮೇಲೆ ಬಿದ್ದು, ಅಲ್ಲಿಂದ ಮೋರಿಗೆ ಹಾರಿತು. ಯಜಮಾನರು ಹಗ್ಗ ದಾಟಿದರು, ನನ್ನ ಅಂಗಡಿ ದಾಟಿದರು, ದಿನಸಿ ಅಂಗಡಿ ದಾಟಿದರು, ಎಳನೀರಿನ ರಾಶಿಯೊಳಗೆ ಹೋಗಿ ಕೂತರು. ಅಲ್ಲಿಂದಲೇ ಕೂಗಿದರು: "ನಿಂತೆನೋ ಇಲ್ವೋ?"

ಆಮೇಲೆ ನಾನು. ಮಳೆಯಲ್ಲಿ ರಬ್ಬರ್ ಮೊದಲು ರಿಮ್ಮಿನ ನೀರನ್ನು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಅದಕ್ಕೇ ಸ್ವಲ್ಪ ಮುಂಚಿನಿಂದ ಮೆಲ್ಲಗೆ ಹಿಡಿಯಬೇಕು, ಹಿಂದಿನದು ಮೊದಲು, ಮುಂದಿನದು ಆಮೇಲೆ. ಇದನ್ನು ನಾನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತೇನೆ. ಅವತ್ತೂ ಮೆಲ್ಲಗೇ ಹಿಡಿದು ಬಂದೆ. ಆದರೆ ಎಳನೀರಿನ ನಡುವೆ ಕೂತ ಯಜಮಾನರ ಮುಖದಲ್ಲಿ ಇನ್ನೂ ನಗು ಇರುವುದು ಕಂಡಿತು. ಹಗ್ಗ ಬಂತು. ಮುಂದಿನದನ್ನೇ ಎರಡು ಕೈ ಸೇರಿಸಿ ಹಿಂಡಿಬಿಟ್ಟೆ.

ಸೈಕಲ್ಲು ಹಗ್ಗಕ್ಕೆ ಮೂತಿ ತಾಗಿಸಿ ನಿಂತಿತು. ನಾನು ನಿಲ್ಲಲಿಲ್ಲ.

ಬಿದ್ದ ಕಡೆಯಿಂದ ಇನ್ನೂ ತಲೆ ಎತ್ತಿರಲಿಲ್ಲ, ಆಗಲೇ ವಾದ ಶುರುವಾಗಿತ್ತು.

"ನಾನೂ ಸೈಕಲ್ಲೂ ಒಂದೇ ಕಡೆ ನಿಂತಿದ್ದೀವಿ. ಅವಳು ಎರಡು ಕಡೆ ನಿಂತವಳೆ" ಅಂದರು ಯಜಮಾನರು.

"ಸರಿಯಾಗಿ ನೋಡಿದ್ರೆ ಆಯಮ್ಮ ಹಗ್ಗ ದಾಟಿದ್ದಾರೆ" ಅಂದ ಕೇಕಿನವನು.

"ಷರತ್ತಿದ್ದದ್ದು ಸೈಕಲ್ಲಿಗೆ" ಅಂದೆ ನಾನು, ನೀರಿನಲ್ಲಿ ಮಲಗಿಕೊಂಡೇ.

"ಸವಾರ ಇಲ್ಲದ ಸೈಕಲ್ಲು ಗೋಡೆಗೆ ಒರಗಿಸಿದರೂ ನಿಲ್ತದೆ. ಅದೇನು ದೊಡ್ಡದು?" ಅಂದರು ಯಜಮಾನರು.

ಮೆಟ್ಟಿಲ ಮೇಲಿದ್ದ ಅಜ್ಜಿ ಕೆಳಗಿಳಿದು ಬಂದರು. ಹಗ್ಗ ನೋಡಿದರು, ಸೈಕಲ್ಲು ನೋಡಿದರು, ಗಂಡನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅವಳು ಇಟ್ಟಿರೋದು ಸೈಕಲ್ ಅಂಗಡಿ. ಸೈಕಲ್ಲು ನಿಂತೈತೆ. ಅವಳು ನಿಲ್ಲಲಿಲ್ಲ ಅಂದ್ರೆ ಅದು ಡಾಕ್ಟರ್ ಕೆಲಸ. ಮಳಿಗೆ ಅವಳಿಗೇ."

"ಅದು ಹೇಳೋಕೆ ನೀನ್ಯಾರೇ?" ಅಂದರು ಯಜಮಾನರು.

"ಈ ಕಟ್ಟಡ ನಮ್ಮಪ್ಪ ನನಗೆ ಕೊಟ್ಟಿದ್ದು. ನೀವು ಇಷ್ಟು ವರ್ಷ ಯಜಮಾನ್ರು ಅನ್ನಿಸ್ಕೊಂಡು ಕುರ್ಚೀಲಿ ಕೂತಿದ್ರಿ, ಪಾಪ ಅಂತ ನಾನೂ ಸುಮ್ಮನಿದ್ದೆ. ಈಗ ಎದ್ದೇಳಿ, ಎಳನೀರಿನವನು ಗಿರಾಕಿ ಬಂದವರೆ ಅಂತ ಕಾಯ್ತಾವನೆ."

ಈಗ ಆ ಮಳಿಗೆ ನಾನು ಸಾಕು ಅನ್ನುವವರೆಗೂ ನನ್ನದು. ಪಕ್ಕದ ಶಟರಿನ ಮಳಿಗೆಯನ್ನೂ ಬಾಡಿಗೆಗೆ ಹಿಡಿದಿದ್ದೇನೆ. ಬೋರ್ಡಿನ ಮೇಲೆ ನನ್ನ ಹೆಸರಿದೆ, ಅಕ್ಷರಗಳನ್ನು ನಾನೇ ಬರೆದದ್ದು. ಇಷ್ಟಕ್ಕೂ ನಾನು ತೆತ್ತದ್ದು ಮೇಲಿನ ಸಾಲಿನ ಒಂದು ಮುಂದಿನ ಹಲ್ಲು, ಅದೂ ಅರ್ಧ ಮಾತ್ರ.