ಹುಗ್ಗಿ ಬಡಿಸುವ ತಂಡ

ನಲವತ್ತು ದಾಟಿದ ಗಂಡಸು ಚಡ್ಡಿ ಹಾಕಿಕೊಂಡು ಹಗಲು ಹೊತ್ತಿನಲ್ಲಿ ಮನೆಯ ಹೊಸ್ತಿಲು ದಾಟುವುದು ಎಷ್ಟು ಧೈರ್ಯದ ಕೆಲಸ ಎಂಬುದು ದಾಟಿದವರಿಗೇ ಗೊತ್ತು. ನಾನು ಅಥಣಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಕುರ್ಚಿ ಬಿಟ್ಟು ಏಳದ ನೌಕರಿ, ಊಟ ಬಿಟ್ಟು ಏಳದ ಸ್ವಭಾವ. ಡಾಕ್ಟರು ಒಂದು ದಿನ, "ಸಕ್ಕರಿ ಅಂಚಿನ್ಯಾಗ ಬಂದ ನಿಂತೈತ್ರಿ, ದಿನಾ ಒಂದೀಟ ಅಡ್ಡಾಡ್ರಿ" ಎಂದರು. ಒಬ್ಬನೇ ಅಡ್ಡಾಡುವುದಕ್ಕಿಂತ ಸಕ್ಕರೆಯೇ ವಾಸಿ ಎನ್ನಿಸಿ, ನಾಲ್ಕು ಜನ ಸೇರುವ ಕಡೆ ಹೋಗೋಣವೆಂದು ವಾಲಿಬಾಲ್ ಆಡಲು ಹೊರಟೆ. ಮೊದಲ ದಿನವೇ ಓಣಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನ ಮೊಣಕಾಲುಗಳನ್ನು ನೋಡಿ, "ಏನ್ರಿ ಸಾಹೇಬ್ರ, ಇದ್ದ ಪ್ಯಾಂಟೆಲ್ಲಾ ಒಗ್ಯಾಕ ಹಾಕ್ಯಾರೇನ್ರಿ ಮನ್ಯಾಗ?" ಎಂದು ನಿಜವಾದ ಕಳಕಳಿಯಿಂದ ಕೇಳಿದರು. ನಾನು ಹೌದೆಂದು ಹೇಳಿ ಮುಂದೆ ನಡೆದೆ.

ನಮ್ಮ ಆಟದ ಜಾಗ ಊರ ಹೊರಗೆ, ಭೀಮಪ್ಪನ ಒಣದ್ರಾಕ್ಷಿ ಶೆಡ್ಡಿನ ಮುಂದಿನ ಅಂಗಳ. ಭೀಮಪ್ಪ ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ರೈತ, ಆರು ಅಡಿಗೂ ಮೀರಿದ ಆಳು, ನಮ್ಮ ತಂಡದ ಕ್ಯಾಪ್ಟನ್. ಜಾಗ ಅವನದು, ಚೆಂಡು ಅವನದು, ಆಟ ಮುಗಿದ ಮೇಲಿನ ಚಹಾ ಅವನ ಮನೆಯದು. ಹೀಗಾಗಿ ಕ್ಯಾಪ್ಟನ್ ಯಾರೆಂಬ ಚರ್ಚೆಯೇ ಬರಲಿಲ್ಲ. ಉಳಿದವರಲ್ಲಿ ಒಬ್ಬ ಬಸ್ ಡ್ರೈವರ್, ಒಬ್ಬ ಕಂಪೌಂಡರ್, ಇಬ್ಬರು ರೈತರು, ಆಮೇಲೆ ನಾನು. ಇಡೀ ದಿನ ಒಬ್ಬರ ಮುಖ ಒಬ್ಬರು ನೋಡದವರು ಸಂಜೆಯಾದರೆ "ಬಿಡಬ್ಯಾಡ, ಹೊಡಿ" ಎಂದು ಏಕವಚನದಲ್ಲಿ ಕೂಗಾಡಿ, ಚಹಾ ಕುಡಿಯುವಾಗ ಮತ್ತೆ ಬಹುವಚನಕ್ಕೆ ಬರುತ್ತಿದ್ದೆವು. ಅಂಥ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಳದಲ್ಲಿ ಮೊದಲ ಸಲ ನೆಟ್ ಕಟ್ಟುವಾಗ ಅದರ ಎತ್ತರ ಎಷ್ಟಿರಬೇಕೆಂಬ ಪ್ರಶ್ನೆ ಬಂತು. ನಮ್ಮ ಶಾಲೆಯ ಡ್ರಿಲ್ ಮಾಸ್ತರರು ಎಂಟು ಫೂಟು ಎಂದಿದ್ದರು. ಕಂಬಗಳೇನೋ ದ್ರಾಕ್ಷಿ ತೋಟದ ಕಬ್ಬಿಣದ ಆ್ಯಂಗಲ್ಲುಗಳಿದ್ದವು, ಆದರೆ ಅಳೆಯಲು ಟೇಪು ಇರಲಿಲ್ಲ. ಭೀಮಪ್ಪ ಅಂಗಿಯ ತೋಳು ಮೇಲೆ ಸರಿಸಿ, "ಟೇಪ್ ಯಾಕ ಬೇಕ್ರಿ? ಎಂಟ ಫೂಟ ಅಂದ್ರ ಐದೂವರಿ ಮೊಳ. ಬಾಂವಿ ಹಗ್ಗಾ ಅಳದ ಕೈ ಐತಿ ಇದು" ಎಂದು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಗುರುತು ಹಾಕಿದ. ನಮ್ಮ ಕಡೆ ಎತ್ತಿನ ಹಗ್ಗದಿಂದ ಹೂವಿನ ಮಾಲೆಯವರೆಗೆ ಎಲ್ಲವನ್ನೂ ಅಳೆದದ್ದು ಮೊಳದಲ್ಲೇ. ಆ ಅಳತೆಯನ್ನು ಅನುಮಾನಿಸಬೇಕೆಂದು ನಮಗಾರಿಗೂ ಹೊಳೆಯಲಿಲ್ಲ.

ಆ ಕಾಲದಲ್ಲಿ ಅಥಣಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ ಐದೂ ಕಡೆಯ ನಲವತ್ತು ದಾಟಿದವರು ಸೇರಿ ಚಳಿಗಾಲದ ಒಂದು ರವಿವಾರ ಪಂದ್ಯ ಇಟ್ಟುಕೊಳ್ಳುತ್ತಿದ್ದೆವು. ಅದಕ್ಕೊಂದು ಪದ್ಧತಿಯಿತ್ತು. ಬೆಳಗಿನ ಮೊದಲ ಪಂದ್ಯ ಹಿಂದಿನ ವರ್ಷ ಕಪ್ ಗೆದ್ದವರಿಗೂ ಹಿಂದಿನ ವರ್ಷ ಊಟ ಬಡಿಸಿದವರಿಗೂ ನಡುವೆ. ಅದರಲ್ಲಿ ಸೋತವರು ಅಲ್ಲಿಗೇ ಆಟ ಮುಗಿಸಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಅಡುಗೆಯವರ ಕಡೆ ನಡೆಯಬೇಕು. ಮಧ್ಯಾಹ್ನ ಎಲ್ಲರಿಗೂ ಅವರೇ ಬಡಿಸಬೇಕು. ಕಪ್ ಗೆಲ್ಲುತ್ತಿದ್ದವರು ಯಾವಾಗಲೂ ನಿಪ್ಪಾಣಿಯವರು. ಊಟ ಬಡಿಸುತ್ತಿದ್ದವರು ಯಾರೆಂದು ನಾನು ಹೇಳಬೇಕಾಗಿಲ್ಲ. ಬಡಿಸಿದ್ದರಿಂದ ಮುಂದಿನ ವರ್ಷವೂ ನಿಪ್ಪಾಣಿಯವರೇ ಎದುರಿಗೆ, ನಿಪ್ಪಾಣಿಯವರು ಎದುರಿಗೆ ಬಂದದ್ದರಿಂದ ಮತ್ತೆ ಬಡಿಸುವುದು. ಈ ಗಾಣದಿಂದ ಹೊರಬರುವ ದಾರಿ ಪದ್ಧತಿಯಲ್ಲಿ ಬರೆದಿರಲಿಲ್ಲ.

ನಿಪ್ಪಾಣಿಯ ಕ್ಯಾಪ್ಟನ್ ಬಾಬುರಾವ್, ತಂಬಾಕಿನ ವ್ಯಾಪಾರಿ, ನಗುಮುಖದ ಮನುಷ್ಯ. ನಮ್ಮ ಟೆಂಪೋ ಕಂಡೊಡನೆ ತನ್ನವರ ಕಡೆ ತಿರುಗಿ, "ಅಥಣೀಕರ ಆಲೇ. ಆತಾ ಜೇವಣಾಚಿ ಕಾಳಜಿ ನಾಹೀ" ಎನ್ನುತ್ತಿದ್ದ. ಅಥಣಿಯವರು ಬಂದರು, ಇನ್ನು ಊಟದ ಚಿಂತೆಯಿಲ್ಲ ಎಂದು ಅದರ ಅರ್ಥ. ನಾವು ಹೊಡೆದ ಚೆಂಡುಗಳೆಲ್ಲ ಅಂಕಣದ ಗೆರೆ ದಾಟಿ ಹಿಂದಿನ ಕಬ್ಬಿನ ಹೊಲಕ್ಕೇ ಹೋಗುತ್ತಿದ್ದವು. ಪಂದ್ಯದ ನೆಟ್ ನಮ್ಮ ಅಂಗಳದ್ದಕ್ಕಿಂತ ತಗ್ಗಿದೆಯೆಂದು ನಮಗೂ ಕಾಣುತ್ತಿತ್ತು. ಅದಕ್ಕೆ ಭೀಮಪ್ಪ ಕೊಟ್ಟ ವಿವರಣೆ ಬೇರೆ: "ಮಂದಿಗೆ ವಯಸ್ಸಾಗೇತಿ ನೋಡ್ರಿ, ಹಾರಾಕ ಬರೂದಿಲ್ಲ, ಅದಕ್ಕ ಜಾಳಗಿ ಇಳಿಸ್ಯಾರ. ಇಳಿಸ್ಲಿ. ನಾವು ರೂಲಿನ ಪ್ರಕಾರ ಆಡೂ ಮಂದಿ." ರೂಲಿನ ಪ್ರಕಾರ ಆಡುವವರೆಂಬ ಹೆಮ್ಮೆಯಿಂದ ನಾವು ಹತ್ತು ಗಂಟೆಗೆಲ್ಲ ಬಕೀಟು ಹಿಡಿಯುತ್ತಿದ್ದೆವು. ಮೊದಲ ಪಂದ್ಯದ ನಂತರ ಮೈದಾನದಲ್ಲಿ ಏನು ನಡೆಯುತ್ತದೆ ಎಂಬುದನ್ನು ಆ ವರ್ಷಗಳಲ್ಲಿ ನಾನು ಕಣ್ಣಾರೆ ಕಂಡವನಲ್ಲ.

ಆದರೆ ಬಡಿಸುವುದರಲ್ಲಿ ನಮ್ಮನ್ನು ಮೀರಿಸುವವರು ಆ ಸೀಮೆಯಲ್ಲಿ ಉಳಿಯಲಿಲ್ಲ. ಎಲೆಯ ತುದಿಗೆ ಉಪ್ಪು, ಅದರ ಪಕ್ಕ ಶೇಂಗಾ ಚಟ್ನಿ, ಆಮೇಲೆ ಎಣಗಾಯಿ, ರೊಟ್ಟಿ. ಬೆಲ್ಲದ ಗೋಧಿ ಹುಗ್ಗಿ ಹಾಕಿದ ಮೇಲೆ ಅದರ ನಡುವೆ ಸೌಟಿನ ಬೆನ್ನಿನಿಂದ ಒಂದು ಕುಳಿ. ಹಿಂದೆಯೇ ಬರುವ ಕಂಪೌಂಡರ್ ಆ ಕುಳಿಗೆ ತುಪ್ಪ ಬಿಡುತ್ತಾನೆ, ಒಂದು ಹನಿ ಆಚೀಚೆ ಹೋಗುವುದಿಲ್ಲ. ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಇಟ್ಟವರಲ್ಲಿ ನಿಜವಾಗಿ ಸಾಕಾದವರು ಯಾರು, ಮರ್ಯಾದೆಗೆ ಅಂದವರು ಯಾರು ಎಂಬುದು ನನಗೆ ಬೆರಳುಗಳ ಅಂತರ ನೋಡಿದರೆ ತಿಳಿಯುತ್ತದೆ. ಈ ವಿದ್ಯೆಯ ವಿಷಯ ಮನೆಯಲ್ಲಿ ನಾನು ಹೇಳಿರಲಿಲ್ಲ. ಪಂದ್ಯ ಹೇಗಾಯಿತೆಂದು ಹೆಂಡತಿ ಶೋಭಾ ಕೇಳಿದಾಗ, "ಸ್ವಲ್ಪದರಲ್ಲಿ ತಪ್ಪಿತು" ಎನ್ನುತ್ತಿದ್ದೆ. ಪ್ಯಾಂಟಿಗೆ ಹತ್ತಿದ ಹುಗ್ಗಿಯ ಕಲೆ ನೋಡಿ ಅವಳು ಅದನ್ನು ಬೇರೆಯಾಗಿ ನೆನೆಸಿಡುತ್ತಿದ್ದಳು.

ಅವಳ ತವರಿನ ಕಡೆಯ ಒಂದು ಮದುವೆ ರಾಯಬಾಗದಲ್ಲಾಯಿತು. ಊಟದ ಹೊತ್ತಿಗೆ ನಾವು ಪಂಕ್ತಿಯಲ್ಲಿ ಕೂರುವಷ್ಟರಲ್ಲಿ ಯಾರೋ ಗುರುತು ಹಿಡಿದು, "ಅಲ್ರಿ, ಅಥಣಿ ಬಡಿಸೂ ಟೀಮಿನವರು ನೀವ ಅಲ್ಲೇನ್ರಿ? ಏಳ್ರೀ ಹಂಗಾರ, ಹುಗ್ಗಿ ಬಕೀಟ ನಿಮ್ಮ ಕೈಯಾಗ ಇರ್ಲಿ" ಎಂದು ಎಬ್ಬಿಸಿಯೇ ಬಿಟ್ಟರು. ನಾನು ಎರಡು ಪಂಕ್ತಿ ಬಡಿಸಿ ಬರುವವರೆಗೆ ಶೋಭಾ ನನ್ನನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆ ನನ್ನನ್ನು ಕೂರಿಸಿದಳು. ಆಮೇಲೆ, "ಲಗ್ನ ಆದಾಗಿಂದ ಮನ್ಯಾಗ ಒಂದ ಸೌಟ ಸಾರ ಹಾಕಿದ ಕೈ ಅಲ್ಲ ಅದು. ಆಡಾಕ ಹೊಕ್ಕೀನಂತ ಹೋಗಿ ಊರ ಮಂದಿಗೆಲ್ಲಾ ಹುಗ್ಗಿ ಹಾಕಿ ಬರ್ತೀರೇನು?" ಎಂದಳು. ಕಿಟಕಿಯಾಚೆ ಕಬ್ಬಿನ ಹೊಲಗಳು ಬಹಳ ಚೆನ್ನಾಗಿದ್ದವು, ನಾನು ಅವನ್ನೇ ನೋಡಿದೆ. ಆದರೆ ಅವತ್ತು ಮನಸ್ಸಿನಲ್ಲಿ ಒಂದು ಹಟ ಹುಟ್ಟಿತು. ಕಪ್ ಬೇಡ, ಹಾರ ಬೇಡ. ಸಾಯುವುದರೊಳಗೆ ಒಂದೇ ಒಂದು ಸಲ ಆ ಪಂಕ್ತಿಯಲ್ಲಿ ಚಕ್ಕಳಬಕ್ಕಳ ಹಾಕಿ ಕೂತು, ಬಾಬುರಾವ್ ನನ್ನ ಎಲೆಗೆ ಬಗ್ಗಿ ಬಡಿಸುವುದನ್ನು ನೋಡಬೇಕು.

ದಸರೆ ಹತ್ತಿರ ಬಂದಾಗ ನಮ್ಮ ಕಡೆ ಮನೆಯಲ್ಲಿರುವ ಬಟ್ಟೆಯನ್ನೆಲ್ಲ ಒಗೆಯುವ ರೂಢಿ. ಭೀಮಪ್ಪನ ಬಾವಿಯಲ್ಲಿ ನೀರು ಚೆನ್ನಾಗಿದ್ದುದರಿಂದ ಶೋಭಾ ಮತ್ತು ಭೀಮಪ್ಪನ ಹೆಂಡತಿ ಅಲ್ಲೇ ಹೊದೆಯುವ ಕೌದಿ ಒಗೆದರು. ಒಣಗಿಸಲು ನಮ್ಮ ನೆಟ್ ಅವರ ಕಣ್ಣಿಗೆ ಬಿತ್ತು. ಒದ್ದೆ ಕೌದಿ ಎತ್ತಿ ಎಸೆದರು, ಮೇಲೆ ಹೋಗಲಿಲ್ಲ. ನಾನೂ ಎಸೆದೆ, ಅದು ಮರಳಿ ನನ್ನ ತಲೆಯ ಮೇಲೇ ಬಿತ್ತು. ಕೌದಿಯ ಒಳಗಿದ್ದ ನನಗೆ ಶೋಭಾಳ ದನಿ ಕೇಳಿಸಿತು: "ಇದೇನ್ ವಾಲಿಬಾಲ್ ಜಾಳಗಿನೋ, ಆನಿ ಹಾಯೂ ಬಾಗಿಲೋ?" ಅವಳು ಬ್ಲೌಸ್ ಹೊಲಿಯುವವಳು, ಅಳತೆಯ ಟೇಪು ಚೀಲದಲ್ಲೇ ಇತ್ತು. ಏಣಿ ತರಿಸಿ ಅಳೆದೇಬಿಟ್ಟಳು.

"ಎಂಟ ಫೂಟ ಅಂದ್ರ ತೊಂಬತ್ತಾರ ಇಂಚ. ಇಲ್ಲಿ ನೂರಾ ಏಳ ಐತಿ. ಮ್ಯಾಲಿನ ಹನ್ನೊಂದ ಇಂಚ ಯಾರದ್ರಿ?"

"ಭೀಮಪ್ಪಂದು," ಎಂದೆ.

ಇದನ್ನು ಭೀಮಪ್ಪನಿಗೆ ತಿಳಿಸುವುದು ಸುಲಭವಿರಲಿಲ್ಲ. ಸಂಜೆ ಎಲ್ಲರೂ ಸೇರಿದಾಗ ಚಹಾ ಕುಡಿಸಿ, ಮಳೆಯ ವಿಷಯ ಮಾತಾಡಿ, ಆಮೇಲೆ ಹೇಳಿದೆ. ಅವನು ತನ್ನ ತೋಳಿನ ಮೇಲೆ ಟೇಪು ಹಿಡಿಸಿಕೊಂಡು, ಅಂಕಿ ನೋಡಿದ: ಅವನ ಒಂದು ಮೊಳ ಹತ್ತೊಂಬತ್ತೂವರೆ ಇಂಚು, ಊರಿನ ಮೊಳಕ್ಕಿಂತ ಉದ್ದ. "ಕೈ ದೇವ್ರು ಕೊಟ್ಟದ್ರಿ ಸಾಹೇಬ್ರ, ನಾ ಮಾಡಿಸ್ಕೊಂಡದ್ದಲ್ಲ" ಎಂದ. ಆಮೇಲೆ ತಾನೇ ಎದ್ದು ಹೋಗಿ ನೆಟ್ ಇಳಿಸಿದ.

ಅಲ್ಲಿಂದ ಮುಂದಿನ ಆಟವನ್ನು ಏನೆಂದು ವರ್ಣಿಸಲಿ? ವರ್ಷಗಟ್ಟಲೆ ಆ ಎತ್ತರಕ್ಕೆ ಹಾರಿ ಹಾರಿ ನಮ್ಮ ಕಾಲುಗಳು ನಮಗೇ ಗೊತ್ತಿಲ್ಲದಂತೆ ಪಳಗಿದ್ದವು. ಈಗ ಹಾರಿದರೆ ಅಂಗೈಯೇ ನೆಟ್ಟಿನ ಮೇಲೆ ಹೋಗುತ್ತಿತ್ತು. ಮೊದಲೆರಡು ವಾರ ಚೆಂಡು ಹಳೆಯ ಚಟದಂತೆ ಗೆರೆಯಾಚೆಗೇ ಹೋಯಿತು. ಆಮೇಲೊಂದು ಸಂಜೆ ಭೀಮಪ್ಪ ಹೊಡೆದ ಚೆಂಡು ಎದುರಿನ ಅಂಕಣದ ನಟ್ಟನಡುವೆ ಬಡಿದ ಸಪ್ಪಳಕ್ಕೆ ಕಟ್ಟಿದ್ದ ಎಮ್ಮೆ ಮೇಯುವುದನ್ನು ಬಿಟ್ಟು ನೋಡಿತು. ಗಿಡ್ಡನಾದ ನನ್ನ ಹೊಡೆತವೂ ಕೆಳಮುಖವಾಗಿ ಇಳಿಯತೊಡಗಿತು.

ಆ ವರ್ಷದ ಪಂದ್ಯ ಕಾಗವಾಡದವರ ಉಸ್ತುವಾರಿಯಲ್ಲಿ ಮಂಗಸೂಳಿಯಲ್ಲಿ ಆಯಿತು. ಅಲ್ಲಿಯ ಗುಡಿಯ ಮಲ್ಲಯ್ಯನ ದರ್ಶನವೂ ಆದೀತೆಂದು ಶೋಭಾ ಮತ್ತು ಉಳಿದವರ ಮನೆಯವರೂ ಟೆಂಪೋ ಹತ್ತಿದರು. ಬಾಬುರಾವ್ ಎಂದಿನಂತೆ ನಮ್ಮನ್ನು ಕಂಡು ಊಟದ ಚಿಂತೆಯಿಲ್ಲ ಎಂದ. ಕಾಗವಾಡದವರು ಹೊಸ ಟವೆಲ್ಲುಗಳನ್ನು ಮೊದಲೇ ನಮ್ಮ ಚೀಲದ ಹತ್ತಿರ ತಂದಿಟ್ಟಿದ್ದರು. ಹೆಂಡತಿಯ ಎದುರಿಗೆ ಆ ಟವೆಲ್ ಸುತ್ತಿಕೊಳ್ಳುವುದನ್ನು ನೆನೆದು ನಾನು ಅವನ್ನು ಕಾಲಿನಿಂದ ಚೀಲದ ಹಿಂದೆ ಸರಿಸಿದೆ.

ಸೀಟಿ ಊದಿದರು. ಮೊದಲ ಚೆಂಡನ್ನೇ ಭೀಮಪ್ಪ ಬಾಬುರಾವ್‌ನ ಪಾದದ ಹತ್ತಿರ ಇಳಿಸಿದ. ಬಾಬುರಾವ್ ಅದನ್ನು ಅಪಘಾತವೆಂದು ತಿಳಿದು ನಕ್ಕ. ಎರಡನೆಯದಕ್ಕೆ ನಗಲಿಲ್ಲ. ಆಟ ಸಮಸಮ ಬಂದು, ಕೊನೆಗೆ ಗೆಲುವಿಗೆ ಒಂದೇ ಅಂಕ ಉಳಿಯಿತು. ಡ್ರೈವರ್ ಎತ್ತಿಕೊಟ್ಟ ಚೆಂಡು ಭೀಮಪ್ಪನ ಕಡೆ ಹೋಗದೆ, ಗಾಳಿಗೆ ಸರಿದು ನನ್ನ ತಲೆಯ ಮೇಲೆ ಬಂದು ನಿಂತಿತು. "ಸಾಹೇಬ, ಹೊಡಿ" ಎಂದು ಐದೂ ಜನ ಏಕವಚನದಲ್ಲಿ ಕೂಗಿದರು. ಹಾರಿದೆ, ಕಣ್ಣು ಮುಚ್ಚಿ ಹೊಡೆದೆ. ಕಣ್ಣು ತೆರೆದಾಗ ನಾನು ಭೀಮಪ್ಪನ ಹೆಗಲ ಮೇಲಿದ್ದೆ. ಅಲ್ಲಿಂದ ಇಡೀ ಮಂಗಸೂಳಿ ಕಾಣುತ್ತಿತ್ತು. ಹೆಂಗಸರ ಗುಂಪಿನಲ್ಲಿ ಶೋಭಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಮುಂದಿನ ಪಂದ್ಯವನ್ನೂ ಗೆದ್ದು, ಫೈನಲ್ಲಿನಲ್ಲಿ ರಾಯಬಾಗದವರಿಗೆ ಸೋತೆವು. ಕಪ್ ಅವರು ಒಯ್ದರು, ಒಯ್ಯಲಿ.

ಮಧ್ಯಾಹ್ನ ಪಂಕ್ತಿಯ ನಡುವೆ, ಎಲ್ಲರಿಗೂ ಕಾಣುವಂತೆ ಕೂತೆ. ಬಾಬುರಾವ್ ಸೊಂಟಕ್ಕೆ ಟವೆಲ್ ಸುತ್ತಿ, ಬಕೀಟು ಹಿಡಿದು, ಬಗ್ಗಿ ನನ್ನ ಎಲೆಗೆ ಬಡಿಸಿದ. ವರ್ಷಗಳಿಂದ ಕಾದಿದ್ದ ಗಳಿಗೆ ಅದು. ಆದರೆ ಅವನು ಹಾಕಿದ್ದೇನು? ಉಪ್ಪು ಬರುವ ಮೊದಲೇ ಹುಗ್ಗಿ. ಅದರಲ್ಲಿ ಕುಳಿಯಿಲ್ಲ, ಹಿಂದೆ ಬಂದವನು ಸುರಿದ ತುಪ್ಪ ಹರಿದು ನನ್ನ ಮೊಣಕಾಲಿಗೆ ಬಂತು. ಮೂರನೆಯವನು ಹುಗ್ಗಿಯ ಮೇಲೆಯೇ ಸಾರು ಹಾಕಿದ. ಅತ್ತ ಪಂಕ್ತಿಯ ಕೊನೆಯವರು ಒಣ ರೊಟ್ಟಿ ಹಿಡಿದು ಕಾಯುತ್ತಿದ್ದರು, ಇತ್ತ ಬೇಡವೆಂದವರ ಎಲೆಯಲ್ಲಿ ರಾಶಿ. ನಾನು ತಡೆದುಕೊಂಡೆ. ಬಹಳ ತಡೆದುಕೊಂಡೆ. ಆಮೇಲೆ ಎದ್ದು ಕೈ ತೊಳೆದೆ.

ಭೀಮಪ್ಪ ನನ್ನ ಅಂಗಿ ಹಿಡಿದೆಳೆದ. "ಸಾಹೇಬ್ರ, ಕುಂಡ್ರಿ. ನಾವು ಗೆದ್ದೀವಿ ಇವತ್ತು."

"ನಾವು ಗೆದ್ದೀವಿ ಖರೆ," ಎಂದೆ. "ಹುಗ್ಗಿ ಸೋಲಾಕತ್ತೈತಿ."

ಬಾಬುರಾವ್‌ನ ಕೈಯಿಂದ ಬಕೀಟು ತೆಗೆದುಕೊಂಡೆ. ಅವನು ಸೊಂಟದ ಟವೆಲ್ ಬಿಚ್ಚಿ ನನಗೆ ಸುತ್ತಿ, ನಾನು ಬಿಟ್ಟೆದ್ದ ಜಾಗದಲ್ಲಿ ನಿಶ್ಚಿಂತೆಯಿಂದ ಕೂತುಬಿಟ್ಟ. ಹಿಂತಿರುಗಿ ನೋಡಿದರೆ ಕಂಪೌಂಡರ್ ತುಪ್ಪದ ಗಿಂಡಿ ಹಿಡಿದು ನಿಂತಿದ್ದ. ಅವನ ಹಿಂದೆ ಡ್ರೈವರ್ ಸಾರಿನೊಂದಿಗೆ, ಕೊನೆಯಲ್ಲಿ ಗೊಣಗುತ್ತ ಭೀಮಪ್ಪ ರೊಟ್ಟಿಯ ಬುಟ್ಟಿಯೊಂದಿಗೆ. ನಮ್ಮ ತಂಡ ಪೂರ್ತಿ ಕೂಡಿತ್ತು. ಹೆಂಗಸರ ಪಂಕ್ತಿಗೆ ಬಂದಾಗ ಶೋಭಾ ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಇಟ್ಟಳು. ಬೆರಳುಗಳ ಅಂತರ ನೋಡಿದೆ, ಒಂದು ಸೌಟು ಹಾಕಿದೆ, ನಡುವೆ ಕುಳಿ ಮಾಡಿದೆ. ಅವಳು ಒಂದು ತುತ್ತು ಬಾಯಿಗಿಟ್ಟು, "ಚಲೋ ಬಡಿಸ್ತೀರಿ" ಎಂದಳು. ಚೆಂಡು ಹೊಡೆದದ್ದಕ್ಕೆ ಸಿಕ್ಕ ಚಪ್ಪಾಳೆಗಿಂತ ಅದು ದೊಡ್ಡದೆನ್ನಿಸಿ ಎದೆಯುಬ್ಬಿಸಿ ಮುಂದಿನ ಎಲೆಗೆ ಹೋದೆ. ಮನೆಯಲ್ಲಿ ಸೌಟು ಆ ರಾತ್ರಿ ನನ್ನ ಕೈಗೆ ಬಂದದ್ದು ಇನ್ನೂ ಮರಳಿ ಹೋಗಿಲ್ಲ.